ವಾಪಸ್ ಬರುವ ಮುಚ್ಚಳಿಕೆ

ಮೇ ತಿಂಗಳ ಕೊನೆಯ ವಾರದಲ್ಲಿ ರಾಯಚೂರಿಗೆ ಮರಳಿ ಬರಲು ನಾನು ಅತ್ಯಂತ ಉತ್ಸುಕನಾಗಿದ್ದೇನೆ ಎಂದು ಈ ವರ್ಷ ಒಂದು ಪರದೇಶಕ್ಕೆ ಬರೆದುಕೊಟ್ಟಿದ್ದೇನೆ. ಬಿಸಿಲು ನಲವತ್ತೆರಡು ಡಿಗ್ರಿ ದಾಟುವ, ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಮೈಮೇಲೆ ಸುರಿದುಕೊಳ್ಳಲಾಗದಷ್ಟು ಕಾಯುವ, ನಾಯಿಗಳು ಕೂಡ ನೆರಳು ಬಿಟ್ಟು ಕದಲದ ಊರಿಗೆ, ಹಿಮ ಹೊದ್ದ ಬೆಟ್ಟಗಳ ನಾಡಿನಿಂದ ಒಂದು ದಿನವೂ ತಡಮಾಡದೆ ಓಡಿ ಬರುವೆನೆಂದು ಸಹಿ ಮಾಡಿದ ಆ ಪತ್ರವನ್ನು ನನ್ನ ಹೆಂಡತಿ ಎರಡು ಸಲ ಓದಿದಳು. "ಇದನ್ನ ನಾನೇ ನಂಬಂಗಿಲ್ರಿ, ಅವರು ಹೆಂಗ ನಂಬ್ತಾರ?" ಎಂದಳು. ಮುಂದೆ ನಡೆದದ್ದನ್ನು ನೋಡಿದರೆ, ಇಡೀ ಪ್ರಕರಣದಲ್ಲಿ ಸರಿಯಾದ ತೀರ್ಪು ಕೊಟ್ಟವಳು ಅವಳೊಬ್ಬಳೇ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಮದುವೆಯಾಗಿ ಇಪ್ಪತ್ತೈದು ವರ್ಷವಾದ ನೆಪದಲ್ಲಿ ಹತ್ತು ದಿನ ಯುರೋಪು ನೋಡಿ ಬರೋಣವೆಂಬ ದುರ್ಬುದ್ಧಿ ನಮಗಿಬ್ಬರಿಗೂ ಏಕಕಾಲಕ್ಕೆ ಬಂದದ್ದೇ ಇದಕ್ಕೆಲ್ಲ ಮೂಲ. ಅದಕ್ಕೆ ಬೇಕಾದದ್ದು ಷೆಂಗೆನ್ ವೀಸಾ. ಷೆಂಗೆನ್ ಎಂಬುದು ಲಕ್ಸೆಂಬರ್ಗಿನಲ್ಲಿ ಮೊಸೆಲ್ ನದಿಯ ದಂಡೆಯ ಮೇಲಿರುವ ಒಂದು ಸಣ್ಣ ಹಳ್ಳಿ. 1985ರ ಜೂನ್ 14ರಂದು ಐದು ದೇಶಗಳ ಪ್ರತಿನಿಧಿಗಳು ಆ ಹಳ್ಳಿಯ ಬಳಿ, ನದಿಯಲ್ಲಿ ನಿಂತ ಒಂದು ಹಡಗಿನ ಮೇಲೆ ಕುಳಿತು, ಇನ್ನು ಮುಂದೆ ನಮ್ಮ ನಮ್ಮ ಗಡಿಗಳಲ್ಲಿ ಯಾರನ್ನೂ ತಡೆದು ನಿಲ್ಲಿಸುವುದು ಬೇಡವೆಂದು ಒಪ್ಪಂದ ಮಾಡಿಕೊಂಡರು. ಇಂದು ಆ ಕೂಟದಲ್ಲಿ 29 ದೇಶಗಳಿವೆ. ಗಡಿಗಳನ್ನು ತೆಗೆದುಹಾಕಿದ್ದು ನಿಜವೇ ಆದರೂ ತೆಗೆದದ್ದನ್ನು ಅವರು ಬಿಸಾಡಲಿಲ್ಲ. ಎಲ್ಲವನ್ನೂ ಒಟ್ಟುಗೂಡಿಸಿ, ಬೆಂಗಳೂರಿನ ಒಂದು ಕಟ್ಟಡದಲ್ಲಿ ಗಾಜಿನ ಕಿಟಕಿಯ ಆಚೆಗೆ ಜೋಡಿಸಿಟ್ಟಿದ್ದಾರೆ. ನದಿ, ದೋಣಿ, ಗಡಿ ನಮಗೂ ಹೊಸದಲ್ಲ. ನಮ್ಮ ತಾಲ್ಲೂಕಿನ ಕುರುವಪುರದಲ್ಲಿ ದತ್ತಾತ್ರೇಯನ ದರ್ಶನ ಮುಗಿಸಿದವರು ಕೃಷ್ಣೆಯಲ್ಲಿ ತೆಪ್ಪ ಹತ್ತಿ ಆಚೆ ದಂಡೆಗೆ ಇಳಿದರೆ ಅದು ತೆಲಂಗಾಣ. ತೆಪ್ಪದವನು ಕೇಳುವುದು ದುಡ್ಡನ್ನು ಮಾತ್ರ; ವಾಪಸ್ ಬರುತ್ತೀರೋ ಇಲ್ಲವೋ ಎಂಬುದು ಅವನಿಗೆ ಬೇಡದ ಮಾತು.

ಈ ವೀಸಾದವರಿಗೆ ಮಾತ್ರ ಬೇಕಾದದ್ದು ಅದೊಂದೇ ಮಾತು. ನಾನು ಅಲ್ಲಿ ಏನು ನೋಡುತ್ತೇನೆ, ಎಷ್ಟು ಖರ್ಚು ಮಾಡುತ್ತೇನೆ ಎಂಬುದೆಲ್ಲ ಮೇಲುಮೇಲಿನ ವಿಚಾರಣೆ. ಒಳಗಿನ ಪ್ರಶ್ನೆಯೆಂದರೆ, ಹೋದವನು ಅಲ್ಲಿಯೇ ಉಳಿದುಬಿಡುವುದಿಲ್ಲ ಎಂಬುದಕ್ಕೆ ಏನು ಆಧಾರ? ತಾಯ್ನಾಡಿನೊಂದಿಗೆ ತನಗಿರುವ ನಂಟನ್ನು ಅರ್ಜಿದಾರನೇ ದಾಖಲೆಗಳ ಮೂಲಕ ಸಾಬೀತು ಮಾಡಬೇಕು. ಈ ಕಲೆಯಲ್ಲಿ ನಮ್ಮ ಭಾಗದವರಿಗೆ ಒಳ್ಳೆಯ ಅಭ್ಯಾಸವಿದೆ ಎಂದು ನಾನು ಧೈರ್ಯವಾಗಿದ್ದೆ. ಕಲ್ಯಾಣ ಕರ್ನಾಟಕದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕಾಗಿ ನಾವು ಈ ನೆಲದವರೇ ಎಂದು ತೋರಿಸಲು ಶಾಲೆಯ ದಾಖಲೆ, ವಾಸದ ದಾಖಲೆ, ಅಪ್ಪನ ದಾಖಲೆ ಹಿಡಿದು ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಸವೆಸಿದವರು ನಾವು. ಇಲ್ಲಿಯವನು ಎಂಬುದಕ್ಕೆ ಸರ್ಕಾರದ ಮೊಹರು ಬಿದ್ದ ಪ್ರಮಾಣಪತ್ರವೇ ಕೈಯಲ್ಲಿರುವಾಗ ಇನ್ನೇನು ಬೇಕು ಎಂದುಕೊಂಡು ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ, ಕಡತದ ಎಲ್ಲಕ್ಕಿಂತ ಮೇಲೆ ಇಟ್ಟೆ. ಬೆಂಗಳೂರಿನ ಕಿಟಕಿಯಲ್ಲಿ ಕುಳಿತಿದ್ದ ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಲಿಸ್ಟಿನಲ್ಲಿಲ್ಲ ಸರ್" ಎಂದು ಹಿಂದಕ್ಕೆ ಸರಿಸಿದಳು.

ಲಿಸ್ಟಿನಲ್ಲಿದ್ದದ್ದು ಆಸ್ತಿ. ನನ್ನ ಪಾಲಿಗೆ ಬಂದಿರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಮೂರು ಎಕರೆ, ಅದೂ ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿ. ಕೊನೆಭಾಗ ಎಂದರೇನೆಂದು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಕಾಲುವೆ ಅಲ್ಲಿಯವರೆಗೆ ಬಂದಿದೆ, ನೀರು ಬಂದಿಲ್ಲ. ಆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಡುತ್ತೇವೆಂದರೂ ಹಿಡಿಯುವವರಿಲ್ಲ. ಅಂಥ ಹೊಲದ ಪಹಣಿಯನ್ನು ನೋಡಿ ಮೊದಲ ಬಾರಿಗೆ ಒಬ್ಬ ಮನುಷ್ಯ, ನಮ್ಮ ಸ್ಟೇಷನ್ ರಸ್ತೆಯ ಟ್ರಾವೆಲ್ಸ್ ಏಜೆಂಟ್, "ಭಾಳ ಸ್ಟ್ರಾಂಗ್ ಅದ ಸರ್ ಇದು" ಎಂದಾಗ ನನ್ನ ಕಣ್ಣು ಒದ್ದೆಯಾದವು. ನೀರಾವರಿ ಇಲಾಖೆಗೆ ಕಾಣದ ಹೊಲ ಯುರೋಪಿಗೆ ಕಾಣುವುದಾದರೆ, ಕೊನೆಭಾಗದ ರೈತರು ಇನ್ನು ಮುಂದೆ ನೀರಿಗಾಗಿ ಧರಣಿ ಕೂರುವ ಬದಲು ವೀಸಾಕ್ಕೆ ಅರ್ಜಿ ಹಾಕುವುದು ಲೇಸು.

ಮಾತು ಕೊಟ್ಟು ಮರಳಿ ಬರುವುದೆಂದರೆ ಕನ್ನಡಿಗರಿಗೆ ಪುಣ್ಯಕೋಟಿಯ ನೆನಪಾಗದೆ ಇರುವುದಿಲ್ಲ. ಹುಲಿ ಅವಳನ್ನು ಬಾಯಿಮಾತಿನ ಮೇಲೆ ಬಿಟ್ಟಿತಲ್ಲ ಎಂದು ನಮ್ಮ ಏಜೆಂಟನಿಗೆ ಹೇಳಿದೆ. ಆತ ಯೋಚಿಸಿ ಕೊಟ್ಟ ಉತ್ತರ ನನ್ನನ್ನು ಬೆಚ್ಚಿಬೀಳಿಸಿತು: ಪುಣ್ಯಕೋಟಿಯ ಕರುವೂ ಅಕ್ಕತಂಗಿಯರೂ ಇದ್ದದ್ದು ಅವಳು ಹೋಗುವ ಕಡೆಗೆ, ಮರಳಬೇಕಾದ ಕಡೆ ಇದ್ದದ್ದು ಹಸಿದ ಹುಲಿಯೊಂದೇ. ನಂಟೆಲ್ಲ ಹೋಗುವ ದೇಶದಲ್ಲಿಯೇ ಇಟ್ಟುಕೊಂಡ ಅಂಥ ಅರ್ಜಿ ಮೊದಲ ಮೇಜಿನಲ್ಲಿಯೇ ಬಿದ್ದುಹೋಗುತ್ತದಂತೆ.

ಹೋಗುವ ಟಿಕೆಟ್ಟಿನದು ಬೇರೆಯೇ ಕಥೆ. ವೀಸಾ ಬೇಕಾದರೆ ಹೋಗಿ ಬರುವ ವಿಮಾನದ ಬುಕಿಂಗ್ ತೋರಿಸಬೇಕು. ಬಲ್ಲವರನ್ನು ಕೇಳಿದರೆ, ವೀಸಾ ಕೈಗೆ ಬರುವ ಮುನ್ನ ಟಿಕೆಟ್ ಕೊಳ್ಳುವವನಷ್ಟು ಮೂರ್ಖ ಮತ್ತೊಬ್ಬನಿಲ್ಲ ಎನ್ನುತ್ತಾರೆ. ಈ ಎರಡು ಸತ್ಯಗಳ ನಡುವಿನ ಸಂದಿನಲ್ಲಿ ಹುಟ್ಟಿದ ಉದ್ಯಮದ ಹೆಸರು ಡಮ್ಮಿ ಟಿಕೆಟ್. ಕೆಲವು ನೂರು ರೂಪಾಯಿ ಕೊಟ್ಟರೆ ಹೆಸರು, ಸೀಟು, ಪಿಎನ್‌ಆರ್ ಸಮೇತ ಒಂದು ಬುಕಿಂಗ್ ಬರುತ್ತದೆ, ಕೆಲವು ದಿನ ಬದುಕಿದ್ದು ತಾನಾಗಿಯೇ ಸಾಯುತ್ತದೆ. ಇದು ಸುಳ್ಳು ದಾಖಲೆಯಲ್ಲವೇ ಎಂದು ನಾನು ಹಿಂಜರಿದಾಗ ಏಜೆಂಟ್, "ಸುಳ್ಳು ಹೆಂಗಾಗ್ತದ ಸರ್? ಬುಕಿಂಗ್ ಖರೇನೇ ಇರ್ತದ. ನೀವು ಹೋಗಂಗಿಲ್ಲ ಅಷ್ಟೇ" ಎಂದ. ಹೀಗೆ, ಈ ಅರ್ಜಿಯಲ್ಲಿ ಒದಗಿಸಿರುವ ಮಾಹಿತಿಯೆಲ್ಲವೂ ಸತ್ಯವೆಂಬ ಘೋಷಣೆಯ ಕೆಳಗೆ ಸಹಿ ಹಾಕಿ, ಮೇಲೆ ಹೋಗದ ವಿಮಾನದ ಟಿಕೆಟ್ಟನ್ನೂ ಉಳಿಯದ ಹೋಟೆಲಿನ ಬುಕಿಂಗನ್ನೂ ಪಿನ್ ಮಾಡಿದೆ. ಕೊಡುವವನಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಕೀಳುಮಾತಿಗೆ ಎಡೆಯಿಲ್ಲದ ಸಭ್ಯ ವ್ಯವಹಾರ.

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಮಾತ್ರ ಇಂಥ ಸಭ್ಯತೆ ಸಾಧ್ಯವಿಲ್ಲ. ಕಳೆದ ಮೂರು ತಿಂಗಳ ನನ್ನ ಬದುಕು, ಹಾಳೆಹಾಳೆಗೂ ಬ್ಯಾಂಕಿನ ಮೊಹರು ಬಿದ್ದು, ಹನ್ನೊಂದು ಪುಟಗಳಲ್ಲಿ ಮುದ್ರಣವಾಗಿ ಬಂತು. ಖಾತೆಯಲ್ಲಿ ತೂಕ ಸಾಲದೆಂದು ಏಜೆಂಟ್ ಹೇಳಿದ್ದರಿಂದ ನನ್ನ ಭಾವಮೈದುನ ಮಂಗಳವಾರ ಮೂರು ಲಕ್ಷ ಹಾಕಿದ. ಇದ್ದಕ್ಕಿದ್ದಂತೆ ಹಣ ಬಿದ್ದರೆ ಅನುಮಾನ ಬರುತ್ತದೆಂದು ಅದೇ ಏಜೆಂಟ್ ಹೇಳಿದ್ದರಿಂದ ಗುರುವಾರ ತಿರುಗಿ ಕಳಿಸಿದೆ. ಎರಡೂ ನಮೂದುಗಳು ಸ್ಟೇಟ್‌ಮೆಂಟಿನಲ್ಲಿ ಒಂದರ ಕೆಳಗೊಂದು ನಿಂತಿವೆ. ಈ ಇಡೀ ವ್ಯವಹಾರದಲ್ಲಿ ನಿಗದಿತ ಅವಧಿಯೊಳಗೆ ತನ್ನ ಮೂಲಸ್ಥಾನಕ್ಕೆ ಮರಳಿದ ಪ್ರವಾಸಿ ಎಂದರೆ ಆ ಮೂರು ಲಕ್ಷವೇ. ಉಳಿದದ್ದೆಲ್ಲ ಫೋನಿನಿಂದ ಕೊಟ್ಟ ಚಿಲ್ಲರೆ ಲೆಕ್ಕ: ಚಹಾ ಹತ್ತು, ಚಹಾ ಹತ್ತು, ಪೆಟ್ರೋಲು ಇನ್ನೂರು, ಮತ್ತು ಪ್ರತಿ ಭಾನುವಾರ ಬೆಳಿಗ್ಗೆ ಎಂಟೂವರೆಯ ಆಸುಪಾಸಿನಲ್ಲಿ ಅದೇ ಬಂಡಿಯವನಿಗೆ ಒಗ್ಗರಣೆ ಮಿರ್ಚಿಗೆಂದು ಎಂಬತ್ತು ರೂಪಾಯಿ. ಹದಿಮೂರು ವಾರಗಳಲ್ಲಿ ಒಂದೂ ತಪ್ಪಿಲ್ಲ. ಓದಲು ಬಲ್ಲ ಅಧಿಕಾರಿಯಾಗಿದ್ದರೆ ಆ ಒಂದು ಸಾಲಿನಲ್ಲಿಯೇ ಅವನಿಗೆ ಉತ್ತರವಿತ್ತು. ಮಂಡಾಳ ಒಗ್ಗರಣೆ ಸಿಗದ ಖಂಡದಲ್ಲಿ ಈ ಮನುಷ್ಯ ಎರಡನೆಯ ಭಾನುವಾರ ದಾಟಲಾರ.

ಹೈದರಾಬಾದ್ ನಮಗೆ ಸುಮಾರು ಇನ್ನೂರು ಕಿಲೋಮೀಟರ್, ಬೆಂಗಳೂರು ನಾನೂರು. ಅರ್ಜಿ ಕೊಡಲು ನಮಗೆ ಸಮಯ ಸಿಕ್ಕದ್ದು ಬೆಂಗಳೂರಿನಲ್ಲಿ. ರೈಲು ತಡವಾದರೆ ಸಮಯ ತಪ್ಪೀತೆಂದು ಒಂದು ದಿನ ಮುಂಚೆಯೇ ಹೋಗಿ ಲಾಡ್ಜಿನಲ್ಲಿ ಉಳಿದೆವು. ಆ ಬುಕಿಂಗ್ ಮಾತ್ರ ನಿಜವಾದದ್ದು. ವೀಸಾ ಅರ್ಜಿ ಕೇಂದ್ರದಲ್ಲಿ ಹೆಚ್ಚಿನ ಹಣ ಕೊಟ್ಟವರಿಗೆ ಸೋಫಾ, ಕಾಫಿ ಇರುವ ಬೇರೆ ಕೋಣೆಯಿದೆ. ಈ ಸೇವೆಯಿಂದ ವೀಸಾ ತೀರ್ಮಾನದ ಮೇಲೆ ಯಾವ ಪರಿಣಾಮವೂ ಆಗದೆಂಬ ಪ್ರಾಮಾಣಿಕ ಫಲಕವೂ ಅದರ ಬಾಗಿಲಿಗಿದೆ. ನಾವು ಹೊರಗಿನ ಕುರ್ಚಿಯಲ್ಲೇ ಕುಳಿತೆವು. ಬೆರಳಚ್ಚಿನ ಸರದಿ ಬಂದಾಗ ನನ್ನ ಹತ್ತು ಬೆರಳು ಸಲೀಸಾಗಿ ಹೋದವು, ಹೆಂಡತಿಯದು ಹೋಗಲಿಲ್ಲ. ಯಂತ್ರ ಕೆಂಪು ದೀಪ ತೋರಿಸುತ್ತಲೇ ಇತ್ತು. ಹುಡುಗಿ ಒದ್ದೆ ಟಿಶ್ಯೂ ಕೊಟ್ಟಳು, ಒರೆಸಿಕೊಳ್ಳಿ ಎಂದಳು, ಜೋರಾಗಿ ಒತ್ತಿ ಎಂದಳು, ಕೊನೆಗೆ ತಾನೇ ಹೆಬ್ಬೆರಳನ್ನು ಹಿಡಿದು ಗಾಜಿಗೆ ಅದುಮಿದಳು. ಇಪ್ಪತ್ತೈದು ವರ್ಷ ಕಾದ ಹಂಚಿನ ಮೇಲೆ ಜೋಳದ ರೊಟ್ಟಿ ತಿರುವಿದ ಬೆರಳುಗಳಲ್ಲಿ ಗೆರೆಗಳು ಎಲ್ಲಿ ಉಳಿದಾವು? ಏಳನೆಯ ಸಲಕ್ಕೆ ಹಸಿರು ದೀಪ ಬಂತು. ಇನ್ನು 59 ತಿಂಗಳವರೆಗೆ ಈ ಅಚ್ಚುಗಳು ನಡೆಯುತ್ತವಂತೆ. ಐದು ವರ್ಷಕ್ಕೆ ಒಂದು ತಿಂಗಳು ಏಕೆ ಕಡಿಮೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಅರ್ಜಿಯಲ್ಲಿ ಪ್ರವಾಸದ ಉದ್ದೇಶ ಎಂಬ ಕಲಮು ತುಂಬುವಾಗ ನಮ್ಮ ಊರಿನ ಕೋಟೆ ನೆನಪಾಗಿತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಮುತ್ತಿದಾಗ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನೊಬ್ಬ ಇಪ್ಪತ್ತು ಮಂದಿ ಕೋವಿಕಾರರೊಡನೆ ಅವನ ಪಾಳೆಯದಲ್ಲಿದ್ದ. ವಿಜಯನಗರಕ್ಕೆ ಬಂದದ್ದು ಕುದುರೆಗಳೊಡನೆ. ಮಾಡಿದ್ದು, ನಮ್ಮ ಕೋಟೆಗೋಡೆಯ ಮೇಲೆ ತಲೆಯೆತ್ತಿದವರನ್ನು ಕೆಳಗಿನಿಂದ ಗುಂಡಿಟ್ಟು ಉರುಳಿಸಿದ್ದು. ಹೇಳಿದ ಉದ್ದೇಶಕ್ಕೂ ನಡೆಸಿದ ಚಟುವಟಿಕೆಗೂ ಇಷ್ಟು ಅಂತರವಿರುವ ಪ್ರವಾಸಿ ಇಂದಿನ ದಿನ ಯಾವ ದೇಶದಲ್ಲಿ ಸಿಕ್ಕಿಬಿದ್ದರೂ ಮರುವಿಮಾನಕ್ಕೆ ಹತ್ತಿಸುತ್ತಾರೆ. ಅವನ ದೇಶ ಇಂದು ಷೆಂಗೆನ್ ಕೂಟದಲ್ಲಿದೆ. ಅವನ ನಾಡಿನವರು ಈಗಲೂ ಹಂಪಿಗೆ ಬರುತ್ತಾರೆ. 2014ರಲ್ಲಿ ಶುರುವಾದ ನಮ್ಮ ಇ-ವೀಸಾದ ದೆಸೆಯಿಂದ ಮನೆಯ ಮೇಜಿನ ಮುಂದೆ ಕುಳಿತು ಅರ್ಜಿ ತುಂಬಿ, ಊಟ ಮುಗಿಸಿ ಮಲಗುತ್ತಾರೆ. ಅವರು ಆನೆಗೊಂದಿಯ ಬಂಡೆಗಳ ಮೇಲೆಯೇ ಉಳಿದುಬಿಟ್ಟಾರೆಂಬ ಅನುಮಾನ ನಮ್ಮವರಿಗೆ ಬಂದಂತಿಲ್ಲ, ಕೆಲವರು ತಿಂಗಳುಗಟ್ಟಲೆ ಉಳಿದದ್ದನ್ನು ಕಣ್ಣಾರೆ ಕಂಡಿದ್ದರೂ.

ಕಡತದ ಕೊನೆಯ ಕಾಗದ ವಿಮೆ. 30,000 ಯೂರೋಗಿಂತ ಕಡಿಮೆಯಿಲ್ಲದ ವಿಮೆ ಕಡ್ಡಾಯ. ಕಾಯಿಲೆ ಬಿದ್ದರೆ ಆಸ್ಪತ್ರೆಯ ಖರ್ಚನ್ನೂ ಊರಿಗೆ ಸಾಗಿಸುವ ಖರ್ಚನ್ನೂ, ಸತ್ತರೆ ಅದರ ಖರ್ಚನ್ನೂ ವಿಮೆಯೇ ಹೊರಬೇಕು. ನನ್ನ ಪಾಲಿಸಿಯಲ್ಲಿ ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ತಲುಪಿಸುವ ಜವಾಬ್ದಾರಿಯ ಬಗ್ಗೆ ಒಂದು ಇಡೀ ಪುಟವಿತ್ತು. ಬದುಕಿದ್ದರೆ ಕಾಲೇಜಿನ ರಜಾ ಪತ್ರ, ಹೊಲದ ಪಹಣಿ, ಒಗ್ಗರಣೆ ಮಿರ್ಚಿ ನನ್ನನ್ನು ಎಳೆದು ತರುತ್ತವೆ. ಸತ್ತರೆ ವಿಮಾ ಕಂಪನಿ ಪೆಟ್ಟಿಗೆಯಲ್ಲಿಟ್ಟು ತರುತ್ತದೆ. ಮನುಷ್ಯನಿಗಿರುವ ಎರಡೂ ಸ್ಥಿತಿಗಳಲ್ಲಿ ಮರಳುವ ವ್ಯವಸ್ಥೆ ಮಾಡಿ, ಇಬ್ಬರ ಶುಲ್ಕ ತಲಾ 90 ಯೂರೋದಂತೆ ಕಟ್ಟಿ, ಅದರ ಮೇಲೆ ಕೇಂದ್ರದವರ ಸೇವಾ ಶುಲ್ಕವನ್ನೂ ಕಟ್ಟಿ ಊರಿಗೆ ಬಂದೆವು.

ಹದಿನೈದು ದಿನದಲ್ಲಿ ಆಗಬಹುದು, ನಲವತ್ತೈದು ದಿನವೂ ಹಿಡಿಯಬಹುದು ಎಂಬುದು ನಿಯಮ. ನಮ್ಮದು ಇಪ್ಪತ್ತೆರಡನೆಯ ದಿನ ಕೊರಿಯರ್‌ನಲ್ಲಿ ಬಂತು. ಜೊತೆಗೆ ಒಂದು ಅಚ್ಚು ಹಾಕಿದ ನಮೂನೆ. ಅದರಲ್ಲಿ ನಿರಾಕರಣೆಗೆ ಇರಬಹುದಾದ ಕಾರಣಗಳನ್ನೆಲ್ಲ ಸಾಲಾಗಿ ಕೊಟ್ಟು, ಪ್ರತಿಯೊಂದರ ಮುಂದೆ ಒಂದು ಚೌಕ. ನಮಗೆ ಗುರುತು ಬಿದ್ದದ್ದು, ವೀಸಾ ಅವಧಿ ಮುಗಿಯುವ ಮುನ್ನ ಸದಸ್ಯ ರಾಷ್ಟ್ರಗಳ ಪ್ರದೇಶವನ್ನು ತೊರೆಯುವ ನಿಮ್ಮ ಉದ್ದೇಶದ ಬಗ್ಗೆ ಸಮಂಜಸ ಸಂಶಯಗಳಿವೆ ಎಂಬುದರ ಮುಂದೆ. ಹೆಣವಾದರೂ ತರುತ್ತೇವೆಂದು ಒಂದು ಕಂಪನಿ ಬರೆದುಕೊಟ್ಟ ಮೇಲೂ ಉಳಿದ ಸಂಶಯವಿದು. ಆ ನಮೂನೆಯನ್ನು ಓದುವ ಹೊತ್ತಿಗೆ ಕರೆಂಟು ಹೋಗಿತ್ತು. ನಾನು ಬನಿಯನ್ನಿನಲ್ಲಿ ಕುಳಿತು, ಪಹಣಿಯ ಇಂಗ್ಲಿಷ್ ಅನುವಾದದಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ.

ಶುಲ್ಕ ಮರಳಿ ಬರುವುದಿಲ್ಲ. ಮರಳುವ ಉದ್ದೇಶ ಅದಕ್ಕೆ ಮೊದಲಿನಿಂದಲೂ ಇರಲಿಲ್ಲ. ವಿಮೆಯ ಹಣ ಮಾತ್ರ ಸ್ವಲ್ಪ ಕಡಿತದೊಡನೆ ಬರುತ್ತದೆಂದು ತಿಳಿದು ಅರ್ಜಿ ಹಾಕಿದೆ. ವಿಮಾ ಕಂಪನಿಯಿಂದ ಉತ್ತರ ಬಂತು: ನಿರಾಕರಣೆ ಪತ್ರದೊಂದಿಗೆ, ನೀವು ಆ ದೇಶಕ್ಕೆ ಹೋಗಿಯೇ ಇಲ್ಲ ಎಂಬುದನ್ನು ದೃಢಪಡಿಸಲು ಪಾಸ್‌ಪೋರ್ಟಿನ ಎಲ್ಲ ಪುಟಗಳ ಪ್ರತಿಯನ್ನು ಸಲ್ಲಿಸತಕ್ಕದ್ದು. ಎರಡು ತಿಂಗಳಿನಿಂದ ವಾಪಸ್ ಬರುತ್ತೇನೆಂಬುದಕ್ಕೆ ಸಾಕ್ಷಿ ಕೂಡಿಹಾಕುತ್ತಿದ್ದವನು ಈಗ ಊರು ಬಿಟ್ಟು ಕದಲಿಯೇ ಇಲ್ಲ ಎಂಬುದಕ್ಕೆ ಸಾಕ್ಷಿ ಹಿಡಿದುಕೊಂಡು ತೀನ್ ಕಂದೀಲಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ನಮ್ಮಿಬ್ಬರ ಪಾಸ್‌ಪೋರ್ಟುಗಳನ್ನು ತೆಗೆದುಕೊಂಡು ಎರಡರ ಮೂವತ್ತಾರು ಮೂವತ್ತಾರು ಪುಟಗಳನ್ನೂ ಒಂದೊಂದಾಗಿ ತಿರುವಿದ. ಮೊದಲ ಪುಟದಲ್ಲಿ ಫೋಟೊ, ಕೊನೆಯ ಪುಟದಲ್ಲಿ ವಿಳಾಸ, ನಡುವೆ ಏನೂ ಇಲ್ಲ.

"ಸರ್, ಖಾಲಿ ಹಾಳಿನೂ ಮಾಡ್ಲೇನ್ರಿ?"

"ಅವನ್ನೇ ಮೊದಲು ಮಾಡಪ್ಪ. ಚಂದ ಬರಬೇಕು."