ಪಾಶ್ ಹಡಗು ಮತ್ತೆ ಬಂತು

ನಿನ್ನೆ ಗೃಹಪ್ರವೇಶದ ಊಟಕ್ಕೆ ಕುಳಿತಿದ್ದೆ. ಯಾರೋ 'ಬಹಳ ಪಾಶ್ ಏರಿಯಾ' ಎಂದರು. ಅಷ್ಟೇ ಸಾಕಾಯಿತು, ಎದುರು ಪಂಕ್ತಿಯ ಮಹನೀಯರೊಬ್ಬರು ಹೋಳಿಗೆ ಬಿಟ್ಟು ಹಡಗು ಹತ್ತಿದರು. ಬ್ರಿಟಿಷ್ ಸಾಹೇಬರಿಗೆ ಇಂಡಿಯಾಕ್ಕೆ ಬರುವಾಗ ಎಡಗಡೆಯ ಕೋಣೆ, ಹಿಂದಿರುಗುವಾಗ ಬಲಗಡೆಯದು. ಎರಡು ಸಲವೂ ಉತ್ತರದ ನೆರಳು. 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್.' ನಾವಿಕರ ಮಾತಿನಲ್ಲಿ ಪೋರ್ಟ್ ಎಂದರೆ ಎಡ, ಸ್ಟಾರ್‌ಬೋರ್ಡ್ ಎಂದರೆ ಬಲ; ಇಂಗ್ಲಿಷ್ ಮೊದಲಕ್ಷರ ಜೋಡಿಸಿದರೆ ಪಾಶ್! ಪಂಕ್ತಿಯೇ 'ಓಹೋ' ಎಂದಿತು. ನನಗೆ ತುತ್ತು ಗಂಟಲಲ್ಲೇ ನಿಂತಿತು.

ಇಂಡಿಯಾಕ್ಕೆ ಹಡಗು ಓಡಿಸುತ್ತಿದ್ದ ಪಿ ಅಂಡ್ ಓ ಕಂಪನಿ ಟಿಕೆಟ್ಟಿನ ಮೇಲೆ ಈ ಅಕ್ಷರಗಳ ಮುದ್ರೆ ಒತ್ತುತ್ತಿತ್ತಂತೆ. ಅಂಥ ಒಂದೇ ಒಂದು ಟಿಕೆಟ್ ಈವರೆಗೆ ಸಿಕ್ಕಿಲ್ಲ. ಹಡಗಿನ ಕತೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1930ರ ದಶಕದಲ್ಲಿ. ಆದರೆ 1918ರ 'ಪಂಚ್' ಎಂಬ ಬ್ರಿಟಿಷ್ ಹಾಸ್ಯಪತ್ರಿಕೆಯ ವ್ಯಂಗ್ಯಚಿತ್ರದಲ್ಲೇ ವಾಯುಪಡೆಯ ತರುಣನೊಬ್ಬ ಪಾಶ್ ಎಂದರೇನೆಂದು ತಾಯಿಗೆ ಬಿಡಿಸಿ ಹೇಳುತ್ತಾನೆ. ಹಳೆಯ ಹಡಗಿನ ಮಾತಾಗಿದ್ದರೆ ತಾಯಿಯೇ ಮಗನಿಗೆ ಹೇಳಿಕೊಡಬೇಕಿತ್ತಲ್ಲವೇ?

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಕಳ್ಳಕಾಕರ ಬಾಯಲ್ಲಿ ಪಾಶ್ ಎಂದರೆ ಚಿಲ್ಲರೆ ಕಾಸು. ರೋಮಾನಿ ಅಲೆಮಾರಿಗಳ ಭಾಷೆಯಲ್ಲಿ ಆ ಮಾತಿಗೆ 'ಅರ್ಧ' ಎಂದರ್ಥ. ಅರ್ಧ ಪೆನ್ನಿಯಿಂದ ಕಾಸಾಯಿತು. ರೋಮಾನಿಗಳ ಪೂರ್ವಿಕರು ಹೊರಟದ್ದು ನಮ್ಮ ದೇಶದಿಂದಲೇ, ಆ 'ಅರ್ಧ'ವನ್ನು ಭಾಷಾಶಾಸ್ತ್ರಜ್ಞರು ಸಂಸ್ಕೃತದ 'ಪಾರ್ಶ್ವ'ಕ್ಕೆ ಸಂಬಂಧಿಸುತ್ತಾರೆ. ಅರ್ಧ ಮೈಗೆ ಬಡಿಯುವ ಪಾರ್ಶ್ವವಾಯುವಿನ ಪಾರ್ಶ್ವ! ಸಿರಿವಂತರ ಬಡಾವಣೆಗೆ ತಿರುಕನ ಅರ್ಧಕಾಸಿನ ಹೆಸರು ಬಂದಿದ್ದರೆ ಅದಕ್ಕಿಂತ ರುಚಿಯಾದ ಕತೆ ಬೇಕೇ? ಆದರೂ ಕಾಸಿನಿಂದ ಠೀವಿಗೆ ಅರ್ಥ ಜಿಗಿದದ್ದು ಖಚಿತವಿಲ್ಲ ಎಂದು ನಿಘಂಟುಗಳು ಮರ್ಯಾದೆಯಾಗಿ 'ಮೂಲ ಅನಿಶ್ಚಿತ' ಎಂದು ಬರೆದು ಸುಮ್ಮನಾಗಿವೆ. ಅಷ್ಟು ಮರ್ಯಾದೆ ಪಂಕ್ತಿಯ ಪಂಡಿತರಿಗೆ ಎಲ್ಲಿಂದ ಬರಬೇಕು? ಇವರಿಗೆ 'ನ್ಯೂಸ್' ಕೂಡ ನಾಲ್ಕು ದಿಕ್ಕುಗಳ ಮೊದಲಕ್ಷರವೇ. (ನಿಜವಾಗಿ ಮೊದಲಕ್ಷರಗಳಿಂದಾದ ಪಾಶ್ ಒಂದಿದೆ: ಕಚೇರಿಯ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಅದನ್ನು ಮಾತ್ರ ಯಾರೂ ಊಟದ ಹೊತ್ತಿನಲ್ಲಿ ಬಿಡಿಸಿ ಹೇಳುವುದಿಲ್ಲ.)

'ಕತೆ ಚೆನ್ನಾಗಿದೆಯಲ್ಲ ಮೇಷ್ಟ್ರೇ, ಬಿಡಿ' ಎನ್ನುತ್ತೀರಿ. ಚೆನ್ನಾಗಿದ್ದರೆ ಮಕ್ಕಳನ್ನು ಮಲಗಿಸುವಾಗ ಹೇಳಿ.

ಇಷ್ಟು ಕೂಗಾಡಿದ ಮೇಲೆ ಒಪ್ಪಿಕೊಂಡುಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ಹನ್ನೆರಡು ವರ್ಷ ಇದೇ ಹಡಗನ್ನು ತರಗತಿಯಲ್ಲಿ ತೇಲಿಬಿಟ್ಟವನು ನಾನೇ. ಕರಿಹಲಗೆಯ ಮೇಲೆ ಕೆಂಪು ಸಮುದ್ರ, ಸೂರ್ಯನಿಗೆ ಹಳದಿ ಸೀಮೆಸುಣ್ಣ. ಆ ಮಕ್ಕಳಿಗೆ ಈಗ ಮಕ್ಕಳಾಗಿವೆ; ಯಾವ ಯಾವ ಪಂಕ್ತಿಯಲ್ಲಿ ಕುಳಿತು ಏನೇನು ಹೇಳುತ್ತಿದ್ದಾರೋ.

ನಿನ್ನೆ ಆ ಮಹನೀಯರು ನನ್ನತ್ತ ತಿರುಗಿ, 'ಇಂಗ್ಲಿಷ್ ಮೇಷ್ಟ್ರು ಇಲ್ಲೇ ಇದ್ದಾರಲ್ಲ, ಸರಿ ತಾನೇ ಸಾರ್?' ಎಂದರು. ಬಡಿಸುವವನು ತುಪ್ಪದ ಗಿಂಡಿ ಹಿಡಿದು ನಿಂತಿದ್ದ. ನಾನು ಹೋಳಿಗೆ ತೋರಿಸಿದೆ.