ಎಂಎಸ್‌ಕಾನ್ಫಿಗ್‌ನಲ್ಲಿ ಕೋರ್ ಏರಿಸಿದರೆ ಗೇಮ್ ವೇಗವಾಗುವುದಿಲ್ಲ

ಹಳೇ ಕಂಪ್ಯೂಟರಲ್ಲಿ ಗೇಮ್ ತಡವರಿಸಿದರೆ ವಿಂಡೋಸ್‌ನ ಸೆಟ್ಟಿಂಗ್ ಸಾಧನವಾದ ಎಂಎಸ್‌ಕಾನ್ಫಿಗ್ (msconfig) ತೆರೆದು, ಬೂಟ್ ವಿಭಾಗದಲ್ಲಿ ಪ್ರೊಸೆಸರ್ ಸಂಖ್ಯೆ ಏರಿಸಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಇದು ತಪ್ಪು. ಪ್ರೊಸೆಸರ್ ಸಂಖ್ಯೆಯ ಚೌಕದಲ್ಲಿ ಟಿಕ್ ಇಲ್ಲದಿದ್ದಾಗಲೇ ವಿಂಡೋಸ್ ಎಲ್ಲಾ ಕೋರ್‌ಗಳನ್ನೂ (ಪ್ರೊಸೆಸರ್‌ನೊಳಗೆ ಕೆಲಸ ಮಾಡುವ ಘಟಕಗಳನ್ನು) ಬಳಸುತ್ತದೆ. ಅದು ಇರುವುದೇ ಪರೀಕ್ಷೆಗೆಂದು ಕೋರ್ ಕಡಿಮೆ ಮಾಡಲು. 4 ಕೋರ್‌ನ ಯಂತ್ರದಲ್ಲಿ ಸುಮ್ನೆ 2 ಆರಿಸಿಬಿಟ್ಟರೆ ಇನ್ನೂ ನಿಧಾನವಾಗುತ್ತದೆ. ಈಗಾಗಲೇ ಟಿಕ್ ಹಾಕಿದ್ದರೆ ತೆಗೆದು ರೀಸ್ಟಾರ್ಟ್ ಮಾಡಿ.

ಗೇಮ್ ಮೊದಲು ಚೆನ್ನಾಗಿ ಓಡಿ, ಸ್ವಲ್ಪ ಹೊತ್ತಾದ ಮೇಲೆ ತಡವರಿಸುತ್ತದೆ ಅಲ್ವಾ? ಹಾಗಿದ್ದರೆ ಬಿಸಿಯ ಮೇಲೆ ಅನುಮಾನಪಡಿ. ಪ್ರೊಸೆಸರ್ ಜಾಸ್ತಿ ಕಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಮುಚ್ಚಳ ತೆಗೆದು ನೋಡಿ. ಫ್ಯಾನ್ ಕೆಳಗೆ, ಬಿಸಿ ಹೊರಹಾಕುವ ಲೋಹದ ಭಾಗವಾದ ಹೀಟ್‌ಸಿಂಕ್‌ನ ತೆಳು ಪಟ್ಟಿಗಳ ನಡುವೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿ.