ಮೆಷಿನ್‌ಗೆ ಇರುವ ಲೈಸೆನ್ಸ್ ಕೈಗೂ ಬೇಕು

ನಿನ್ನೆ ಮಂಡ್ಯದಲ್ಲಿ ನಮ್ಮಕ್ಕನ ಮಗನ ಕೈ ಎಕ್ಸ್‌ರೇ ತೆಗೆದವನು ಆ ನರ್ಸಿಂಗ್ ಹೋಮ್ ಡಾಕ್ಟರ ಕಾರ್ ಡ್ರೈವರ್. ಊಹೆ ಮಾಡಿ ಹೇಳುತ್ತಿಲ್ಲ. ಅವನೇ ನನಗೆ ಹೇಳಿದ್ದು.

ಅಕ್ಕನ ಮಗನಿಗೆ ಒಂಬತ್ತು ವರ್ಷ. ಗದ್ದೆ ಬದುವಿನ ಮೇಲೆ ಸೈಕಲ್ ಬಿಡಲು ಹೋಗಿ ಬಿದ್ದಿದ್ದಾನೆ. ಬಲಗೈ ಮಣಿಕಟ್ಟು ಬನ್ನಿನ ಹಾಗೆ ಊದಿಕೊಂಡಿತ್ತು. ನಾನು ಭಾನುವಾರ ಅಂತ ಮೈಸೂರಿಂದ ಅಕ್ಕನ ಮನೆಗೆ ಹೋಗಿದ್ದೆ. ಹತ್ತಿರ ಅಂತ ಒಂದು ಸಣ್ಣ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದೆವು. ಹೆಸರು ಕೇಳಬೇಡಿ. ಹೆಸರು ಹಾಕಿದರೆ ಮಾತೆಲ್ಲ ಆ ಒಂದು ಕಟ್ಟಡದ ಸುತ್ತಲೇ ತಿರುಗುತ್ತದೆ. ನಾನು ಹೇಳಬೇಕಾದದ್ದು ಅದಕ್ಕಿಂತ ದೊಡ್ಡದು.

ಡಾಕ್ಟರು ಚೆನ್ನಾಗಿಯೇ ನೋಡಿದರು. ಎಕ್ಸ್‌ರೇ ಬರೆದುಕೊಟ್ಟರು. ಮೆಟ್ಟಿಲ ಕೆಳಗೆ ಎಕ್ಸ್‌ರೇ ರೂಮ್. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗ, ನಗುಮುಖ. 'ಬಾ ಪುಟ್ಟ, ಹೆದ್ರುಕೋಬೇಡ' ಅಂತ ಕರೆದು ಸ್ಟೂಲ್ ಮೇಲೆ ಕೂರಿಸಿದ. ಕೂರಿಸಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಮಗುವಿನ ಎರಡೂ ಕಾಲು ಟೇಬಲ್ ಕೆಳಗೆ, ವಿಕಿರಣ ಬರುವ ಟ್ಯೂಬಿನ ನೇರಕ್ಕೆ. ಕೈ ಎಕ್ಸ್‌ರೇಗೆ ಮಗುವನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಬೇಕು, ತೊಡೆ ಮೇಲೆ ವಿಕಿರಣ ತಡೆಯುವ ಲೆಡ್ ಏಪ್ರನ್ ಹಾಕಬೇಕು. ಇದು ಎಕ್ಸ್‌ರೇ ಟೆಕ್ನಿಷಿಯನ್‌ಗಳಾದ ನಮಗೆ ಮೊದಲ ತಿಂಗಳಲ್ಲೇ ಹೇಳಿಕೊಡುವ ಪಾಠ.

ಆಮೇಲೆ ಅವನು ಲೈಟ್ ಹಾಕಿದ. ಟ್ಯೂಬಿನ ಕೆಳಗೆ ಕಾಲಿಮೇಟರ್ ಅಂತ ಒಂದು ಡಬ್ಬಿ ಇರುತ್ತದೆ. ಅದರ ಬೆಳಕು ಎಲ್ಲೆಲ್ಲಿ ಬೀಳುತ್ತದೋ ಅಲ್ಲೆಲ್ಲ ವಿಕಿರಣ ಬೀಳುತ್ತದೆ ಅಂತ ಅರ್ಥ. ಪಕ್ಕದ ಎರಡು ಗುಂಡಿ ತಿರುಗಿಸಿದರೆ ಬೆಳಕಿನ ಚೌಕ ಚಿಕ್ಕದಾಗುತ್ತದೆ. ಮಣಿಕಟ್ಟಿಗೆ ಅಂಗೈ ಅಗಲದ ಚೌಕ ಸಾಕು. ಅಲ್ಲಿ ಬೆಳಕು ಇಡೀ ಟೇಬಲ್ ಮೇಲೆ ಬಿದ್ದಿತ್ತು. ಮಗುವಿನ ಎದೆ, ಹೊಟ್ಟೆ, ಹಿಡಿದುಕೊಂಡು ನಿಂತಿದ್ದ ನಮ್ಮಕ್ಕನ ಕೈ, ಎಲ್ಲದರ ಮೇಲೂ.

'ನಿಲ್ಸಪ್ಪ, ಲೈಟ್ ಚಿಕ್ಕದು ಮಾಡು' ಅಂದೆ.

'ಯಾವ ಲೈಟಕ್ಕ? ಇದಾ? ಇದು ನಮ್ಗೆ ಚೆನ್ನಾಗ್ ಕಾಣ್ಲಿ ಅಂತ ಇರೋದಲ್ವಾ?'

ಆ ಗುಂಡಿಗಳನ್ನು ಅವನು ಇಲ್ಲಿವರೆಗೆ ಮುಟ್ಟಿಯೇ ಇರಲಿಲ್ಲ. ಮೂರು ತಿಂಗಳಿಂದ ಅಲ್ಲಿಗೆ ಬಂದ ಪ್ರತಿಯೊಂದು ಮಗು, ಪ್ರತಿಯೊಬ್ಬ ಹೆಂಗಸು ಆ ಪೂರ್ತಿ ತೆರೆದ ಚೌಕದ ಕೆಳಗೇ ಕೂತು ಹೋಗಿದ್ದಾರೆ. ಲೆಡ್ ಏಪ್ರನ್ ಎಲ್ಲಪ್ಪ ಅಂದರೆ ಮೂಲೆಯಲ್ಲಿ ನಾಲ್ಕು ಮಡಿಕೆ ಹಾಕಿ ಇಟ್ಟಿದ್ದನ್ನು ತಂದ. ಅದನ್ನು ಮಡಿಚಬಾರದು, ಒಳಗಿನ ಸೀಸ ಬಿರುಕು ಬಿಡುತ್ತದೆ, ನೇತು ಹಾಕಬೇಕು. ಅದನ್ನೂ ಅವನಿಗೆ ಯಾರೂ ಹೇಳಿಲ್ಲ.

ಕೊನೆಗೆ ನಾನೇ ಮಗುವನ್ನು ಪಕ್ಕಕ್ಕೆ ಕೂರಿಸಿ, ಏಪ್ರನ್ ಹೊದಿಸಿ, ಚೌಕ ಕಿರಿದು ಮಾಡಿ, ಎರಡು ವ್ಯೂಗೂ ಕೈ ಇಟ್ಟುಕೊಟ್ಟೆ. ಅವನು ಬಟನ್ ಒತ್ತಿದ. ಹಸಿ ಕಡ್ಡಿ ಬಾಗಿದ ಹಾಗೆ ಮೂಳೆ ಒಂದು ಕಡೆ ಸೀಳಿದೆ. ಪಟ್ಟಿ ಹಾಕಿದ್ದಾರೆ, ವಾಸಿಯಾಗುತ್ತದೆ. ಅಕ್ಕ ಹೊರಗೆ ಬಂದು 'ಸುಮ್ನಿರು, ಎಲ್ಲಾ ಕಡೆನೂ ಹಿಂಗೇ' ಅಂದಳು. ಆ ಮಾತೇ ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ.

ಎಕ್ಸ್‌ರೇ ತೆಗೆದ ಹುಡುಗನನ್ನು ವಿಚಾರಿಸಿದೆ. 'ಮೂರ್ ತಿಂಗ್ಳಾಯ್ತಕ್ಕ. ಮೊದ್ಲು ಸಾರ್ ಕಾರ್ ಓಡಿಸ್ತಿದ್ದೆ, ಈಗ್ಲೂ ಓಡಿಸ್ತೀನಿ. ಇಲ್ಲಿದ್ದ ಅಕ್ಕ ಕೆಲ್ಸ ಬಿಟ್ಟೋದ್ರು. ಹೋಗೋಕ್ ಮುಂಚೆ ಎರಡ್ ದಿನ ಹೇಳ್ಕೊಟ್ರು.' ಆ ಬಿಟ್ಟು ಹೋದ ಹುಡುಗಿಯ ಡಿಪ್ಲೊಮಾ ಸರ್ಟಿಫಿಕೇಟಿನ ಜೆರಾಕ್ಸ್ ಇನ್ನೂ ಗೋಡೆ ಮೇಲೆ ಅಂಟಿಸಿದೆ. ಅವಳು ಎಲ್ಲೋ ಕೆಲಸ ಮಾಡುತ್ತಿದ್ದಾಳೆ, ಅವಳ ಕಾಗದ ಇಲ್ಲಿ ಕೆಲಸ ಮಾಡುತ್ತಿದೆ.

ಈಗ ಇದನ್ನು ನೋಡಿ. ಕಾರ್ ಓಡಿಸಲು ಅವನ ಜೇಬಿನಲ್ಲಿ ಡಿಎಲ್ ಇದೆ. ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ. ಎಕ್ಸ್‌ರೇ ಮೆಷಿನ್ ಇಡಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಲ್ಲಿ, ನಾವು ಎಇಆರ್‌ಬಿ ಅನ್ನುತ್ತೇವೆ, ನೋಂದಣಿ ಮಾಡಿಸಬೇಕು. ರೂಮಿನ ಗೋಡೆ ಎಷ್ಟು ದಪ್ಪ, ಬಾಗಿಲಿಗೆ ಸೀಸ ಇದೆಯಾ, ಎಲ್ಲಕ್ಕೂ ಲೆಕ್ಕ ಇದೆ. ಸಿಟಿ ಸ್ಕ್ಯಾನ್ ಆದರೆ ಲೈಸೆನ್ಸೇ ಬೇಕು. ತರಬೇತಿ ಇರುವವರೇ ನಡೆಸಬೇಕು ಅಂತ ಅವರ ನಿಯಮದಲ್ಲೂ ಬರೆದಿದೆ. ಆದರೆ ಆ ನಿಯಮ ಕೇಳುವುದು ಆಸ್ಪತ್ರೆಯನ್ನು. ಆಸ್ಪತ್ರೆ ತೋರಿಸುವುದು ಗೋಡೆಯ ಮೇಲಿನ ಜೆರಾಕ್ಸನ್ನು. ಬಟನ್ ಮೇಲೆ ಬೆರಳಿಟ್ಟವನನ್ನು 'ನಿನ್ನ ನೋಂದಣಿ ನಂಬರ್ ಎಷ್ಟು' ಅಂತ ಕೇಳುವವರು ಯಾರೂ ಇಲ್ಲ.

ಮೆಡಿಕಲ್ ಸ್ಟೋರಿಗೆ ಹೋಗಿ. ಫಾರ್ಮಸಿಸ್ಟ್ ಹೆಸರು, ನೋಂದಣಿ ನಂಬರ್ ಗೋಡೆ ಮೇಲೆ ಇರುತ್ತದೆ. ಫಾರ್ಮಸಿ ಕಾಯ್ದೆ ಬಂದದ್ದು 1948ರಲ್ಲಿ. ನರ್ಸ್‌ಗಳಿಗೆ ಹೆಸರು ನೋಂದಾಯಿಸುವ ಕೌನ್ಸಿಲ್ ಇದೆ. ಡಾಕ್ಟರಿಗೆ ಇದೆ. ದೇಹದ ಒಳಗೆ ವಿಕಿರಣ ಹಾಯಿಸುವ ನಮಗೆ ಮಾತ್ರ ಇಷ್ಟು ವರ್ಷ ಯಾಕೆ ಇರಲಿಲ್ಲ?

ನಿಮಗೆಲ್ಲ ಗೊತ್ತು, 22 ವರ್ಷದಿಂದ ನನ್ನ ಅನ್ನ ಎಕ್ಸ್‌ರೇ ರೂಮಿನಿಂದಲೇ ಹುಟ್ಟುತ್ತಿದೆ. 'ಬಟನ್ ಒತ್ತೋದು ತಾನೆ' ಅಂತ ನನ್ನ ಮದುವೆ ಮಾತುಕತೆಯಲ್ಲೇ ಒಬ್ಬರು ಅಂದಿದ್ದರು. ಎಷ್ಟು ಕೆವಿ (ಕಿರಣದ ಶಕ್ತಿ), ಎಷ್ಟು ಎಂಎಎಸ್ (ಕಿರಣದ ಪ್ರಮಾಣ), ಯಾವ ಕೋನ, ಉಸಿರು ಹಿಡಿಸಬೇಕೋ ಬಿಡಿಸಬೇಕೋ, ಇವೆಲ್ಲ ಬಟನ್ನಿಗೆ ಮುಂಚಿನ ಕೆಲಸ. ಮೊದಲು ಫಿಲ್ಮ್ ಇದ್ದಾಗ ಜಾಸ್ತಿ ಎಕ್ಸ್‌ಪೋಶರ್ ಕೊಟ್ಟರೆ ಫಿಲ್ಮ್ ಕಪ್ಪಾಗಿ ಬರುತ್ತಿತ್ತು. ತಪ್ಪು ಎಲ್ಲರಿಗೂ ಕಾಣುತ್ತಿತ್ತು, ಡಾಕ್ಟರು ಬೈಯುತ್ತಿದ್ದರು. ಈಗ ಡಿಜಿಟಲ್. ವಿಕಿರಣದ ಡೋಸ್ ಬೇಕಾದ್ದಕ್ಕಿಂತ ಜಾಸ್ತಿ ಆದರೂ ಕಂಪ್ಯೂಟರ್ ಚಿತ್ರವನ್ನು ತಿದ್ದಿ ಚೆಂದ ಮಾಡಿಬಿಡುತ್ತದೆ. ಜಾಸ್ತಿ ಕೊಟ್ಟಷ್ಟೂ ಚಿತ್ರ ಇನ್ನೂ ನುಣುಪಾಗಿ ಬರುತ್ತದೆ. ಹಾಗಾಗಿ ಗೊತ್ತಿಲ್ಲದ ಕೈ ದಿನೇ ದಿನೇ ಡೋಸ್ ಏರಿಸುತ್ತಲೇ ಹೋಗುತ್ತದೆ. ರೋಗಿಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಆ ಡ್ರೈವರ್ ಹುಡುಗನ ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರಲಿಲ್ಲ. ನಾವು ಎಷ್ಟು ವಿಕಿರಣ ತಿಂದೆವು ಅಂತ ಲೆಕ್ಕ ಇಡುವ ಸಣ್ಣ ಬ್ಯಾಡ್ಜ್ ಅದು. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗುತ್ತದೆ. ನಮಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ಮಿತಿ. ಅವನಿಗೆ ಮಿತಿಯೂ ಇಲ್ಲ, ಲೆಕ್ಕವೂ ಇಲ್ಲ. ರಾಂಟ್ಜನ್ ಎಂಬ ವಿಜ್ಞಾನಿ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರ್ 8ರಂದು. ಎಡಿಸನ್ ಹತ್ತಿರ ಅದರ ಮೇಲೆ ಕೆಲಸ ಮಾಡುತ್ತಿದ್ದ ಕ್ಲಾರೆನ್ಸ್ ಡಾಲಿ ಎಂಬವರು ಎರಡೂ ಕೈ ಕಳೆದುಕೊಂಡು ಕ್ಯಾನ್ಸರ್‌ನಿಂದ 1904ರಲ್ಲೇ ತೀರಿಕೊಂಡರು. ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಗೊತ್ತಿದ್ದೂ ಆ ಹುಡುಗನನ್ನು ಅಲ್ಲಿ ನಿಲ್ಲಿಸಿದ್ದಾರೆ. ಅವನ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ.

ಕಾನೂನು ಇಲ್ಲವಾ ಅಂದರೆ ಇದೆ. 2021ರ ಮಾರ್ಚ್‌ನಲ್ಲಿ ಸಂಸತ್ತು ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಮಾಡಿತು. ರೇಡಿಯಾಲಜಿ, ಇಮೇಜಿಂಗ್ ನಮ್ಮವರೆಲ್ಲ ಅದರೊಳಗೆ ಬರುತ್ತಾರೆ. ಕಡಿಮೆ ಅಂದರೂ 2,000 ಗಂಟೆ ಓದಿರಬೇಕು. ರಾಜ್ಯದ ಪಟ್ಟಿಯಲ್ಲಿ ಹೆಸರಿಲ್ಲದವರು ಈ ಕೆಲಸ ಮಾಡುವ ಹಾಗಿಲ್ಲ. ಆರು ತಿಂಗಳಲ್ಲಿ ಪ್ರತಿ ರಾಜ್ಯವೂ ಕೌನ್ಸಿಲ್ ಮಾಡಬೇಕು ಅಂತಲೂ ಬರೆದರು. ಮೂರು ವರ್ಷ ಕಳೆದರೂ ಎಷ್ಟೋ ರಾಜ್ಯಗಳು ಮಾಡಲಿಲ್ಲ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಡಬೇಕಾಯಿತು. ನಮ್ಮ ಕರ್ನಾಟಕದಲ್ಲಿ ಕೌನ್ಸಿಲ್ ರಚನೆಯಾಗಿದೆ, ಅದಕ್ಕೆ ಸಂತೋಷ ಇದೆ. ಆದರೆ ನಿನ್ನೆ ನಾನು ನಿಂತಿದ್ದ ಆ ಮೆಟ್ಟಿಲ ಕೆಳಗಿನ ಬಾಗಿಲಿಗೆ ಅದು ಇನ್ನೂ ಬಂದು ಮುಟ್ಟಿಲ್ಲ. ನಾನು ಕೇಳುವುದು ಇಷ್ಟು. ಬಾಗಿಲ ಮೇಲೆ ಎಕ್ಸ್‌ರೇ ತೆಗೆಯುವವರ ಫೋಟೋ ಸಮೇತ ಹೆಸರು ಮತ್ತು ನೋಂದಣಿ ನಂಬರ್ ಇರಬೇಕು. ಆ ಮನುಷ್ಯ ಒಳಗೆ ಇಲ್ಲದಿದ್ದರೆ ಟ್ಯೂಬ್ ಆನ್ ಆಗಬಾರದು. ಖಾಸಗಿ ಆಸ್ಪತ್ರೆಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಕೊಡುವಾಗ, ನವೀಕರಿಸುವಾಗ, ಈ ಹೆಸರುಗಳನ್ನು ಪಟ್ಟಿ ಜೊತೆ ತಾಳೆ ನೋಡಬೇಕು. ಒಂದೇ ನಂಬರ್ ನಾಲ್ಕು ಸೆಂಟರ್‌ನಲ್ಲಿ ಕಂಡರೆ ತಕ್ಷಣ ಸಿಕ್ಕಿಬೀಳುತ್ತದೆ. ಇಂಗ್ಲೆಂಡಿನಲ್ಲಿ ನೋಂದಣಿ ಇಲ್ಲದವರು 'ರೇಡಿಯೋಗ್ರಾಫರ್' ಅನ್ನುವ ಪದವನ್ನೇ ತಮ್ಮ ಹೆಸರಿಗೆ ಸೇರಿಸಿಕೊಳ್ಳುವ ಹಾಗಿಲ್ಲ. ಅಮೆರಿಕದಲ್ಲಿ 1981ರಲ್ಲಿ ಕೇಂದ್ರ ಕಾನೂನು ಬಂತು, ಆದರೆ ಪಾಲಿಸುವುದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟರು. ಅದಕ್ಕೇ ಅಲ್ಲಿ ಇವತ್ತಿಗೂ ಕೆಲವು ರಾಜ್ಯಗಳಲ್ಲಿ ಲೈಸೆನ್ಸ್ ಇಲ್ಲ. ಇಷ್ಟಕ್ಕೆ ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಅದೇ ಸಾಕ್ಷಿ.

2023ರ ಕೊನೆಯಲ್ಲಿ ನಮ್ಮ ಮಂಡ್ಯದ ಹೆಸರು ಟಿವಿ ತುಂಬ ಬಂದಿತ್ತಲ್ಲ, ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೊಟ್ಟೆಯೊಳಗಿನ ಮಗು ಹೆಣ್ಣೋ ಗಂಡೋ ನೋಡುತ್ತಿದ್ದರು ಅಂತ. ಅದು ಕೊಲೆಪಾತಕ, ಅದಕ್ಕೆ ಬೇರೆ ಕಾಯ್ದೆ ಇದೆ, ನಿನ್ನೆಯ ಹುಡುಗನನ್ನು ಅದರ ಜೊತೆ ಸೇರಿಸುವುದು ಅನ್ಯಾಯ. ನಾನು ಅದನ್ನು ನೆನೆಸಿಕೊಂಡದ್ದು ಒಂದೇ ಕಾರಣಕ್ಕೆ. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನ್ ಮಾಡಿದರೂ ಜನ ಹೋಗಿ ಮಲಗಿದರು. ಮೆಷಿನ್ ಮುಂದೆ ನಿಂತವರನ್ನು 'ನೀವು ಯಾರು' ಅಂತ ಕೇಳುವ ಅಭ್ಯಾಸವೇ ನಮಗಿಲ್ಲ.

'ಲೈಸೆನ್ಸ್ ಅಂತ ಹಿಡಿದರೆ ಸಣ್ಣ ಊರಿನ ಸೆಂಟರ್ ಎಲ್ಲ ಮುಚ್ಚಿ ಹೋಗುತ್ತವೆ, ಕೈ ಮುರಿದರೂ ಮೈಸೂರಿನ ಕೆ.ಆರ್. ಆಸ್ಪತ್ರೆಗೇ ಓಡಬೇಕಾಗುತ್ತದೆ' ಅಂತ ನನ್ನ ಜೊತೆ ಕೆಲಸ ಮಾಡುವವರೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಮೇಜಿಂಗ್ ಡಿಪ್ಲೊಮಾ ಮುಗಿಸಿದ ಹುಡುಗರು ಮೈಸೂರಿನಲ್ಲಿ ಪಾರ್ಸೆಲ್ ಹಂಚುತ್ತಿದ್ದಾರೆ. ನನ್ನ ಹತ್ತಿರ ತರಬೇತಿಗೆ ಬಂದವರಲ್ಲೇ ಇಬ್ಬರಿದ್ದಾರೆ. ಜನ ಇದ್ದಾರೆ, ಸಂಬಳ ಕೊಡುವ ಮನಸ್ಸಿಲ್ಲ. ಡ್ರೈವರ್ ಸಂಬಳಕ್ಕೆ ಎರಡು ಕೆಲಸ ಆಗುವಾಗ ಯಾಕೆ ಕೊಡುತ್ತಾರೆ? ಇನ್ನು ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಾ ಕಾಗದ ಇಲ್ಲದ ಹಿರಿಯರು. ಅವರಿಗೆ ಸಮಯ ಕೊಡಿ, ಪಾಠ ಮಾಡಿ, ಪರೀಕ್ಷೆ ಇಡಿ. ಪಾಸಾದರೆ ನಂಬರ್ ಕೊಡಿ. ಆದರೆ ಪರೀಕ್ಷೆಯೇ ಬೇಡ ಅನ್ನಬೇಡಿ. ಲಂಚಕ್ಕೆ ಇನ್ನೊಂದು ಕಿಟಕಿ ತೆರೆಯುತ್ತದೆ ಅನ್ನುವವರಿಗೆ ನನ್ನ ಪ್ರಶ್ನೆ ಒಂದೇ. ಆ ಭಯಕ್ಕೆ ಡಾಕ್ಟರ ನೋಂದಣಿಯನ್ನೂ ತೆಗೆದುಹಾಕೋಣವಾ?

2018ರ ಜನವರಿಯಲ್ಲಿ ಮುಂಬೈನ ಒಂದು ದೊಡ್ಡ ಆಸ್ಪತ್ರೆಯಲ್ಲಿ ರೋಗಿಯ ಸಂಬಂಧಿಯೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ರೂಮಿಗೆ ಹೋದರು. ಮೆಷಿನ್ ಆಫ್ ಆಗಿದೆ ಅಂತ ಅಲ್ಲಿದ್ದ ಸಿಬ್ಬಂದಿ ಹೇಳಿದ್ದರಂತೆ. ಎಂಆರ್‌ಐ ಅಯಸ್ಕಾಂತ ಸ್ಕ್ಯಾನ್ ಇಲ್ಲದಾಗಲೂ ಆಫ್ ಆಗುವುದಿಲ್ಲ. ಸಿಲಿಂಡರ್ ಸಮೇತ ಅವರನ್ನು ಎಳೆದುಕೊಂಡಿತು. ಜೀವ ಹೋಯಿತು. ಆ ಅಯಸ್ಕಾಂತ ಆಫ್ ಆಗುವುದಿಲ್ಲ ಅನ್ನುವುದು ನಮ್ಮಲ್ಲಿ ಮೊದಲ ದಿನ ಕಲಿಸುವ ಒಂದು ವಾಕ್ಯ.

ಈಗ ನನ್ನ ವಿಷಯ. ಇದನ್ನು ಮನೆಯವರಿಗೂ ಹೇಳಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಮೈಸೂರಿನ ಒಂದು ಖಾಸಗಿ ಕಡೆ ರಾತ್ರಿ ಡ್ಯೂಟಿ ನನ್ನೊಬ್ಬಳದೇ. ಮಗಳಿಗೆ ಪದೇ ಪದೇ ಜ್ವರ ಬರುತ್ತಿತ್ತು. ಅಲ್ಲಿದ್ದ ಅಟೆಂಡರ್‌ಗೆ ನಾನೇ ಎದೆ ಎಕ್ಸ್‌ರೇ, ಕೈಕಾಲು ಎಕ್ಸ್‌ರೇ ತೆಗೆಯುವುದನ್ನು ಹೇಳಿಕೊಟ್ಟೆ. ಬೇಗ ಕಲಿತ. ಎಷ್ಟೋ ರಾತ್ರಿ ನಾನು ಮನೆಗೆ ಹೋಗಿ ಬರುವಷ್ಟು ಹೊತ್ತು ಅವನೇ ನೋಡಿಕೊಂಡ. ಆಮೇಲೆ ಅವನು ಕೆಲಸ ಬಿಟ್ಟು ಒಂದು ತಾಲ್ಲೂಕಿನ ಸೆಂಟರ್‌ಗೆ ಸೇರಿದ. ಟೆಕ್ನಿಷಿಯನ್ ಅಂತ. ಕೆಲವು ವರ್ಷ ಆದಮೇಲೆ ನನ್ನ ಹತ್ತಿರ ಒಬ್ಬಳು ಹೆಣ್ಣುಮಗಳು ಬಂದಳು. ಸೊಂಟ ನೋವು ಅಂತ ಎಕ್ಸ್‌ರೇ ತೆಗೆಸಿದ್ದಾಳೆ. ಆಗ ಅವಳಿಗೆ ಎರಡು ತಿಂಗಳು, ಅವಳಿಗೇ ಗೊತ್ತಿರಲಿಲ್ಲ. ಕವರ್ ಮೇಲೆ ಅದೇ ಸೆಂಟರ್ ಹೆಸರು. ಅವನೇ ತೆಗೆದನೋ ಬೇರೆಯವರೋ, ನಾನು ವಿಚಾರಿಸಲಿಲ್ಲ. ವಿಚಾರಿಸುವ ಧೈರ್ಯ ಬರಲಿಲ್ಲ. ಅಷ್ಟು ಡೋಸಿಗೆ ಮಗುವಿಗೆ ತೊಂದರೆಯಾಗುವ ಸಾಧ್ಯತೆ ತುಂಬಾ ಕಡಿಮೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಮಗು ಚೆನ್ನಾಗಿಯೇ ಹುಟ್ಟಿತು. ಆದರೆ ಏಳು ತಿಂಗಳು ಆ ತಾಯಿ ಹೆದರಿಕೊಂಡೇ ಬದುಕಿದಳು. 'ಕೊನೆಗೆ ಮುಟ್ಟಾಗಿದ್ದು ಯಾವಾಗಮ್ಮ' ಅಂತ ಒಂದು ಮಾತು ಕೇಳಿದ್ದರೆ ಅದು ತಪ್ಪುತ್ತಿತ್ತು. ನಾನು ಆ ಅಟೆಂಡರ್‌ಗೆ ಬಟನ್ ಕಲಿಸಿದ್ದೆ. ಆ ಪ್ರಶ್ನೆ ಕಲಿಸಿರಲಿಲ್ಲ.

ಅವತ್ತು ನನ್ನ ಹೆಸರಿಗೆ ಒಂದು ಲೈಸೆನ್ಸ್ ಇದ್ದಿದ್ದರೆ, ಅದು ಹೋಗುತ್ತದೆ ಅನ್ನುವ ಭಯ ಇದ್ದಿದ್ದರೆ, ನಾನು ಹಾಗೆ ಮಾಡುತ್ತಿರಲಿಲ್ಲ. ರಜೆ ಕೇಳುತ್ತಿದ್ದೆ, ಜಗಳ ಆಡುತ್ತಿದ್ದೆ.

ಗುರುವಾರ ರಜೆ ಹಾಕಿದ್ದೇನೆ. ಮಂಡ್ಯಕ್ಕೆ ಹೋಗಿ ಜಿಲ್ಲಾಧಿಕಾರಿ ಕಚೇರಿಗೂ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಗೂ ಪತ್ರ ಕೊಡುತ್ತೇನೆ. ಜಿಲ್ಲೆಯ ಪ್ರತಿ ಎಕ್ಸ್‌ರೇ, ಸಿಟಿ, ಎಂಆರ್‌ಐ ರೂಮಿನಲ್ಲಿ ಯಾರು ನಿಂತಿದ್ದಾರೆ, ಅವರ ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ನೋಡಿ ಎಂದು ಕೇಳುತ್ತೇನೆ. ಆ ಹುಡುಗನ ಹೆಸರು ಪತ್ರದಲ್ಲಿ ಇರುವುದಿಲ್ಲ. ನಾವು ಹೊರಡುವಾಗ ಅವನು ಬಾಗಿಲವರೆಗೆ ಬಂದು 'ಅಕ್ಕ, ಈ ಕೋರ್ಸ್ ಎಲ್ ಮಾಡ್ಬೋದು? ನಾನು ಪಿಯುಸಿ ಸೈನ್ಸೇ' ಅಂತ ಕೇಳಿದ್ದ. ನನ್ನ ಫೋನ್ ನಂಬರ್ ಕೊಟ್ಟು ಬಂದಿದ್ದೇನೆ. ಪತ್ರಕ್ಕೆ ಸಹಿ ಹಾಕುವವರು ಬುಧವಾರ ಸಂಜೆಯೊಳಗೆ ನನಗೆ ತಿಳಿಸಿ. ನಮ್ಮ ಫೀಲ್ಡಿನವರೇ ಆಗಬೇಕು ಅಂತಿಲ್ಲ. ಒಂದು ಸಲ ಎಕ್ಸ್‌ರೇ ತೆಗೆಸಿಕೊಂಡವರಾದರೆ ಸಾಕು.